ಬಾಗಿಲಿಗೆ ಕಟ್ಟಿದ ಕೆಂಪು ಬಟ್ಟೆ

"ಈ ಬಳೆ ಯಾರ ಮಗೂಗೆ?"

ಹುಯಿಚಿನ್ ಕೇಳಿದ್ದು ಇಷ್ಟೇ. ಅಂಗಡಿಗೆ ಬಂದವರನ್ನೆಲ್ಲ ಕೇಳುವ ಮಾತೇ. ಆದರೆ ಆ ಮನುಷ್ಯ ಒಮ್ಮೆ ಬೀದಿಯ ಕಡೆ ತಿರುಗಿ ನೋಡಿದ. ಕದ್ದ ಮಾಲು ಮಾರಲು ಬಂದವನ ಹಾಗೆ!

"ಒಂದು... ಮಗೂಗೆ."

"ಮಗೂಗೇ ಮಾಡೋದು ಸ್ವಾಮಿ, ಮುದುಕರಿಗೆ ಯಾರೂ ಮಾಡಿಸಲ್ಲ. ಯಾರ ಮಗು ಅಂತ ಕೇಳಿದ್ದು."

ಅವನು ನಕ್ಕುಬಿಟ್ಟ. ನಕ್ಕಾಗ ಅವನ ಕಣ್ಣು ಎಷ್ಟು ಚೆಂದ ಅನ್ನುವುದನ್ನು ಹುಯಿಚಿನ್ ನೋಡಬಾರದಿತ್ತು. ನೋಡಿದಳು.

"ನನ್ನ ತಂಗಿ ಮಗಳು. ನಾನು ಸೋದರಮಾವ, ಶಾಂಗ್ ಬಾವೊಲಿನ್."

ಹೆಯಾಂಗ್ ಊರಿನಲ್ಲಿ ಮಗುವಿಗೆ ತಿಂಗಳು ತುಂಬಿದ ದಿನ ತಾಯಿಯ ತವರಿನವರು ಹಿಟ್ಟಿನ ಬಳೆ ತರಬೇಕು. ಸೈಕಲ್ ಚಕ್ರದಷ್ಟು ದೊಡ್ಡದು. ಹಬೆಯಲ್ಲಿ ಬೆಂದ ಬೆಳ್ಳನೆಯ ಹಿಟ್ಟಿನ ಮೇಲೆ ಹುಲಿಯ ಮುಖ, ದಾಳಿಂಬೆ, ಮೀನು, ಚಿಟ್ಟೆ. ಅದನ್ನು ಮಗುವಿನ ಕೊರಳ ಸುತ್ತ ಹಿಡಿದರೆ ಆಯುಸ್ಸು ಗಟ್ಟಿ. ಊರಿನಲ್ಲಿ ಹುಯಿಚಿನ್ ಕೈಯ ಹುಲಿಗೆ ಇರುವ ಹೆಸರು ಬೇರೆ ಯಾರ ಹುಲಿಗೂ ಇಲ್ಲ.

"ಮನೆ ಎಲ್ಲಿ? ನಾವೇ ತಂದುಕೊಡ್ತೀವಿ."

"ಬೇಡ ಬೇಡ! ನಾನೇ ಬಂದು ತಗೊಂಡು ಹೋಗ್ತೀನಿ," ಅಂದವನೇ ಹೊರಟುಹೋದ.

ಒಳಗಿನಿಂದ ಚಿಕ್ಕಮ್ಮ ಹಿಟ್ಟಿನ ಕೈಯಲ್ಲೇ ಓಡಿಬಂದಳು. ಅಂಗಡಿ ಅವಳದು, ಊರಿನ ಸುದ್ದಿಯೆಲ್ಲವೂ ಅವಳದೇ.

"ಮನೆ ಯಾವುದು ಅಂತ ಹೇಳದ ಗಂಡಸನ್ನ ನಂಬಬಾರದು ಕಣೇ."

"ಬಳೆ ಮಾಡಿಸೋಕೆ ಬಂದಿದಾರೆ ಚಿಕ್ಕಮ್ಮ, ಹೆಣ್ಣು ಕೇಳೋಕಲ್ಲ."

ಹಾಗೆಂದಳೇನೋ ಸರಿ. ಆದರೆ ಬಾವೊಲಿನ್ ಮೂರು ದಿನಕ್ಕೇ ಮತ್ತೆ ಬಂದ. ಹುಲಿಗೆ ಮೀಸೆ ಬೇಡ, ಹೆಣ್ಣು ಮಗು ಅಂದ. ನಾಲ್ಕು ದಿನ ಬಿಟ್ಟು ಬಂದು ಮೀಸೆ ಇದ್ದರೂ ಪರವಾಗಿಲ್ಲ ಅಂದ! ಇನ್ನೊಂದು ದಿನ ನೆಪವೇ ಸಿಗದೆ ಒಂದು ಚೀಲ ಒಣಗಿದ ಪರ್ಸಿಮನ್ ಹಣ್ಣು ತಂದು ಮೇಜಿನ ಮೇಲಿಟ್ಟು, ಕಿವಿ ಕೆಂಪಗೆ ಮಾಡಿಕೊಂಡು ನಿಂತ.

"ಇದೂ ಬಳೆ ಮೇಲೆ ಅಂಟಿಸಬೇಕಾ?"

"ಅಲ್ಲ... ನಿಮಗೆ. ಬೆಳಗಿಂದ ನಿಂತೇ ಇರ್ತೀರಲ್ಲ."

ಅಯ್ಯೋ, ಇಪ್ಪತ್ತೊಂಬತ್ತು ವರ್ಷದಲ್ಲಿ ಅವಳು ನಿಂತೇ ಇರುತ್ತಾಳೆ ಎಂದು ಗಮನಿಸಿದವರು ಯಾರಿದ್ದರು! ಆ ದಿನ ಹುಯಿಚಿನ್ ಮಾಡಿದ ಮೀನುಗಳೆಲ್ಲ ನಗುತ್ತಿದ್ದವು.

ಆದರೂ ಅವಳೊಳಗೆ ಒಂದು ಹೆದರಿಕೆ ಇತ್ತು. ಎರಡು ವರ್ಷದ ಹಿಂದೆ ಮದುವೆ ನಿಶ್ಚಯವಾದವನಿಗೆ ಶಿಆನ್ ನಗರದಲ್ಲಿ ಹೆಂಡತಿ ಇದ್ದಳು. ಆ ಹೆಂಡತಿಯೇ ಇದೇ ಅಂಗಡಿಗೆ ಬಂದು ಹೇಳಿದಾಗ ಹುಯಿಚಿನ್‌ಗೆ ಗೊತ್ತಾಗಿದ್ದು. ಊರೆಲ್ಲ ಆಡಿಕೊಂಡಿತು. ಇನ್ನೊಮ್ಮೆ ಮೋಸ ಹೋದರೆ ತಾನು ಯಾರನ್ನೂ, ಕೊನೆಗೆ ತನ್ನನ್ನೂ ನಂಬಲಾರೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ತಿಂಗಳು ತುಂಬಲು ಒಂದೇ ದಿನ ಉಳಿದಿತ್ತು. ಬಾವೊಲಿನ್ ಬಂದ. ಅವನ ಹತ್ತು ಬೆರಳೂ ಕೆಂಪು!

ಉಗುರಿನ ಸಂದಿಯಲ್ಲೂ ಕೆಂಪು. ಆ ಬಣ್ಣ ಯಾವುದೆಂದು ಈ ಊರಿನಲ್ಲಿ ಯಾರೂ ಕೇಳಬೇಕಾಗಿಲ್ಲ. ಅದು ಮೊಟ್ಟೆಗೆ ಹಾಕುವ ಬಣ್ಣ.

"ಮೊಟ್ಟೆಗೆ ಬಣ್ಣ ಹಾಕಿದ್ರಾ?" ಕೇಳಿದಳು ಹುಯಿಚಿನ್.

ಅವನು ಕೈಗಳನ್ನು ಥಟ್ಟನೆ ಜೇಬಿಗಿಳಿಸಿದ. "ಹಾಂ... ಸ್ವಲ್ಪ ಸಹಾಯ ಮಾಡ್ದೆ. ನಾಳೆ ಬೆಳಗ್ಗೆ ಬರ್ತೀನಿ."

ಬಳೆ ತರುವುದು ತಾಯಿಯ ಮನೆಯವರು. ಮೊಟ್ಟೆಗೆ ಕೆಂಪು ಬಣ್ಣ ಹಾಕಿ ಬೀದಿಗೆಲ್ಲ ಹಂಚುವುದು ಅಪ್ಪನ ಮನೆಯವರು. ಸೋದರಮಾವ ಆ ಮೊಟ್ಟೆ ಹಂಚಿದ್ದನ್ನು ಹುಯಿಚಿನ್ ಹುಟ್ಟಿದಾಗಿನಿಂದ ಕಂಡಿಲ್ಲ.

ಸಂಜೆಗೆ ಚಿಕ್ಕಮ್ಮ ಏದುಸಿರು ಬಿಡುತ್ತಾ ಬಂದಳು.

"ಹುಡುಕಿಬಿಟ್ಟೆ ಕಣೇ ಅವನ ಮನೆ! ಇಟ್ಟಿಗೆ ಗೂಡಿನ ಹಿಂದಿನ ಬೀದಿ. ಬಾಗಿಲಿಗೆ ಕೆಂಪು ಬಟ್ಟೆ ಕಟ್ಟಿದೆ!"

ಕೆಂಪು ಬಟ್ಟೆ ಎಂದರೆ ಒಳಗೆ ಬಾಣಂತಿ ಇದ್ದಾಳೆ, ಹೊರಗಿನವರು ಬರಬೇಡಿ ಎಂದು.

"ತಂಗಿ ಇರಬಹುದು..."

"ತಂಗೀನಾ? ಹೆತ್ತವಳು ಮೊದಲ ತಿಂಗಳು ತವರಲ್ಲಿ ಕೂತಿದ್ದನ್ನ ಎಲ್ಲಾದ್ರೂ ಕಂಡಿದೀಯಾ? ತವರಿಗೆ ದರಿದ್ರ ಅಂತ ಹೊಸಿಲು ದಾಟೋಕೇ ಬಿಡಲ್ಲ. ಗಂಡನ ಮನೇಲೇ ಬಾಣಂತನ. ಅಂದ್ಮೇಲೆ ಅವನ ಮನೇಲಿ ಇರೋಳು ಅವನ ಹೆಂಡ್ತಿ! ಪಾಪ, ಅವಳಿಗೆ ತವರಿಲ್ಲವೇನೋ, ಬಳೇನೂ ಇವನೇ ತರ್ತಿದಾನೆ. ಸೋದರಮಾವನಂತೆ! ನಾಟಕ!"

ಹುಯಿಚಿನ್ ಹಿತ್ತಲಿಗೆ ಹೋಗಿ, ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. 'ಮತ್ತೆ ಅದೇ... ಮತ್ತೆ ನಾನೇ! ಎರಡು ಹಣ್ಣು ಕೊಟ್ಟ ಕೂಡಲೇ ಕರಗಿಹೋದೆನಲ್ಲ!'

ಮರುದಿನ ಬೆಳಗ್ಗೆ ಬಾವೊಲಿನ್ ಮೂರು ಗಾಲಿಯ ಗಾಡಿ ತಂದ. ಹುಯಿಚಿನ್ ಬಳೆಯ ಪಕ್ಕ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

"ನಾನೂ ಬರ್ತೀನಿ."

ಅವನ ಮುಖ ಬಿಳಿಚಿತು. "ಬೇಡ. ದಯವಿಟ್ಟು, ಇವತ್ತು ಬೇಡ."

"ದಾರೀಲಿ ಬಳೆ ಒಡೆದ್ರೆ ಮಗೂಗೆ ಒಳ್ಳೇದಲ್ಲ, ನನ್ನ ಹೆಸರಿಗೂ ಒಳ್ಳೇದಲ್ಲ. ನಾನು ಬಂದ್ರೆ ಬಳೆ ಬರುತ್ತೆ. ಇಲ್ದಿದ್ರೆ ಇಲ್ಲೇ ಇರುತ್ತೆ."

"ಹುಯಿಚಿನ್..."

"ಯಾಕೆ, ಮನೇಲಿ ನಾನು ನೋಡಬಾರದವರು ಯಾರಾದ್ರೂ ಇದಾರಾ?"

ಅವನು ಗಾಡಿಯಲ್ಲಿ ಅವಳಿಗೆ ಜಾಗ ಮಾಡಿದ. "ಬನ್ನಿ. ಆದ್ರೆ ಒಂದು ಮಾತು. ಒಳಗೆ ಏನೇ ಕಂಡರೂ ಅಳಬೇಡಿ," ಅಂದ.

'ಎಂಥಾ ಧೈರ್ಯ ಇವನಿಗೆ! ನಾನು ಇವನಿಗಾಗಿ ಅಳ್ತೀನಂತೆ!' ಹಲ್ಲು ಕಚ್ಚಿಕೊಂಡು ಗಾಡಿ ಹತ್ತಿದಳು. ದಾರಿಯುದ್ದಕ್ಕೂ ಬಳೆಯನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದಿದ್ದಳು. ಅವನ ಬೆನ್ನನ್ನು ನೋಡಲೇ ಇಲ್ಲ.

ಬಾಗಿಲಲ್ಲಿ ಕೆಂಪು ಬಟ್ಟೆ ಇತ್ತು. ಒಳಗೆ ಕಿಟಕಿಗೆ ಅಂಟಿಸಿದ ಕೆಂಪು ಕಾಗದದ ಚಿತ್ರಗಳು, ಮೇಜಿನ ಮೇಲೆ ಬುಟ್ಟಿ ತುಂಬ ಕೆಂಪು ಮೊಟ್ಟೆ, ತೊಟ್ಟಿಲ ಬಳಿ ಹುಲಿಮುಖದ ಪುಟ್ಟ ಬೂಟು. ಹಾಸಿಗೆಯ ಮೇಲೆ ಮಗುವನ್ನೆತ್ತಿಕೊಂಡ ಒಬ್ಬ ಹೆಂಗಸು.

ಹುಯಿಚಿನ್ ಹೊಸಿಲಲ್ಲೇ ನಿಂತುಬಿಟ್ಟಳು.

"ಅಣ್ಣಾ, ಬಂದ್ಯಾ? ಬಳೆ ಸರಿಯಾಗಿ ಬಂತಾ?"

ಅಣ್ಣಾ!

ಆಗ ಅವಳ ಕಣ್ಣು ಮೇಜಿನ ಇನ್ನೊಂದು ತುದಿಗೆ ಹೋಯಿತು. ಅಲ್ಲಿ ಒಬ್ಬ ಯುವಕನ ಫೋಟೊ ಇತ್ತು. ಫೋಟೊ ಮುಂದೆ ಒಂದು ಕೆಂಪು ಮೊಟ್ಟೆ, ಒಂದು ಲೋಟ ಮದ್ಯ, ಧೂಪದ ಬಟ್ಟಲು.

"ನನ್ನ ತಂಗಿ ಸುಯುನ್‌ಳ ಗಂಡ," ಬಾವೊಲಿನ್ ಮೆಲ್ಲಗೆ ಅಂದ. "ದಕ್ಷಿಣದಲ್ಲಿ ಸೇತುವೆ ಕೆಲಸಕ್ಕೆ ಹೋಗಿದ್ದ. ಅಲ್ಲೇ ತೀರಿಕೊಂಡು ನಾಲ್ಕು ತಿಂಗಳಾಯ್ತು... ಅವನ ಕಡೆ ಯಾರೂ ಇಲ್ಲ. ತವರಿಗೆ ದರಿದ್ರ ಅಂದ್ರೆ ಬರಲಿ ಅಂತ ನಾನೇ ಕರ್ಕೊಂಡು ಬಂದೆ. ಮೊಟ್ಟೆಗೆ ಬಣ್ಣ ಹಾಕಬೇಕಾದವನು ಅವನು. ಅವನಿಲ್ಲ ಅಂತ ಮಗೂಗೆ ಕೆಂಪು ಮೊಟ್ಟೆ ಇಲ್ದಿರಬೇಕಾ?"

ಹುಯಿಚಿನ್‌ಗೆ ನೆಲ ಬಾಯಿಬಿಟ್ಟರೆ ಸಾಕೆನಿಸಿತು.

"ಯಾಕೆ ಹೇಳಲಿಲ್ಲ ನೀವು?"

ಉತ್ತರ ಕೊಟ್ಟದ್ದು ಸುಯುನ್. "ನಾನೇ ಆಣೆ ಹಾಕಿಸಿದ್ದೆ ಅಕ್ಕ. ಗೊತ್ತಾದ್ರೆ ಬಂದವರೆಲ್ಲ ಅಳ್ತಾರೆ. 'ಅಪ್ಪನ್ನ ನುಂಗಿ ಹುಟ್ಟಿದ ಮಗು' ಅಂತಾರೆ. ಬೀದಿಯವರು ಇವಳಪ್ಪ ದೂರ ಕೆಲಸದಲ್ಲಿದಾನೆ ಅಂದ್ಕೊಂಡಿದಾರೆ. ಅವರು ಬರೋ ಮುಂಚೆ ಈ ಫೋಟೊ ಒಳಗಿಡ್ತೀನಿ. ಇವತ್ತೊಂದು ದಿನ ನನ್ನ ಮಗಳನ್ನ ಎಲ್ಲರೂ ನಗ್ತಾ ನೋಡ್ಲಿ. ನಾಳೆ ನಾನೇ ಎಲ್ಲರಿಗೂ ಹೇಳ್ತೀನಿ."

"ನಿಮ್ಮ ಅಂಗಡೀಲಿ ಹೇಳೋದೂ ಒಂದೇ, ಸಂತೇಲಿ ಡಂಗುರ ಹೊಡೆಸೋದೂ ಒಂದೇ," ಬಾವೊಲಿನ್ ತಲೆ ತಗ್ಗಿಸಿದ. "ನಿಮ್ಮ ಚಿಕ್ಕಮ್ಮ..."

ಅಳಬಾರದೆಂದು ಹುಯಿಚಿನ್ ತುಟಿ ಕಚ್ಚಿದಳು. "ನಾನು ನಿಮ್ಮ ಬಗ್ಗೆ ಏನೇನು ಅಂದ್ಕೊಂಡೆ ಗೊತ್ತಾ? ಇವರು ನಿಮ್ಮ ಹೆಂಡತಿ ಅಂತ... ನೀವು ಮೋಸಗಾರ ಅಂತ. ರಾತ್ರಿಯೆಲ್ಲ ಶಾಪ ಹಾಕಿದೀನಿ. ತಪ್ಪಾಯ್ತು."

"ರಾತ್ರಿಯೆಲ್ಲಾನಾ?" ಅವನು ತಲೆಯೆತ್ತಿದ. "ನನಗೆ ಹೆಂಡತಿ ಇದ್ರೆ ನಿಮಗ್ಯಾಕೆ ಅಷ್ಟು ಸಂಕಟ?"

ಅವಳ ಕೆನ್ನೆ ಉರಿಯಿತು. ಸುಯುನ್ ನಗು ತಡೆಯಲಾರದೆ ಮಗುವಿನ ಮೇಲೆ ಬಾಗಿದಳು. ಆಮೇಲೆ ನಿಟ್ಟುಸಿರಿಟ್ಟಳು.

"ಅಣ್ಣ, ಹೊತ್ತಾಯ್ತು. ಪಕ್ಕದ್ಮನೆ ಅಜ್ಜೀನ ಕರಿ, ಅಮ್ಮನ ಜಾಗದಲ್ಲಿ ನಿಲ್ಲಲಿ. ಬಳೆ ಹಾಕೋಳು ಅಮ್ಮನ ಅಮ್ಮ, ಅವಳಿಲ್ದಿದ್ರೆ ಸೋದರಮಾವನ ಹೆಂಡತಿ. ನನ್ನ ಮಗಳಿಗೆ ಇಬ್ಬರೂ ಇಲ್ಲ."

ಬಾವೊಲಿನ್ ಬಾಗಿಲ ಕಡೆ ಹೊರಟ.

"ನಿಲ್ಲಿ," ಅಂದಳು ಹುಯಿಚಿನ್. "ಆ ಅಜ್ಜಿಗೆ ಯಾಕೆ ತೊಂದರೆ?"

ಅವನು ನಿಂತ. ಅರ್ಥವಾಗಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು.

"ಹುಯಿಚಿನ್... ಅದನ್ನ ಹಾಕಿದ್ರೆ ನೀವು ಏನಾಗ್ತೀರಾ ಗೊತ್ತಾ?"

"ಹೆಯಾಂಗಲ್ಲಿ ಹುಟ್ಟಿದೋಳಿಗೆ ಗೊತ್ತಿಲ್ವಾ? ಆದ್ರೆ ಕೇಳದೆ ಯಾರೂ ಆಗಲ್ಲ. ಕೇಳಿ ಮೊದಲು."

ಅವನು ಹತ್ತಿರ ಬಂದ. "ನೀವಂದ್ರೆ ನನಗೆ ಪ್ರಾಣ. ಮೊದಲನೇ ದಿನದಿಂದಾನೂ. ನನ್ನನ್ನ ಮದುವೆ ಆಗ್ತೀರಾ?"

ಹುಯಿಚಿನ್ ಬಳೆಯನ್ನೆತ್ತಿ ಮಗುವಿನ ಪುಟ್ಟ ತಲೆಯ ಸುತ್ತ ಮೆಲ್ಲಗೆ ಇಳಿಸಿ, ಭಾರ ಬೀಳದಂತೆ ಹಿಡಿದುಕೊಂಡಳು. ಇನ್ನೊಂದು ಕಡೆಯಿಂದ ಬಾವೊಲಿನ್ ಕೈಜೋಡಿಸಿದ. ನಡುವೆ ಮಗು ಕಣ್ಣು ಮಿಟುಕಿಸಿ ಹುಲಿಯನ್ನು ನೋಡಿತು.

"ಉತ್ತರ ಕೊಡಲೇ ಇಲ್ಲ ನೀನು," ಅಂದ ಅವನು ಮೆಲ್ಲಗೆ.

"ಬಳೆ ಹಾಕಿದ್ದು ಕಾಣಿಸಲಿಲ್ವಾ?"

"ಕಾಣಿಸ್ತು. ಆದ್ರೂ ಬಾಯಲ್ಲಿ ಕೇಳಬೇಕು."

"ಆಗ್ತೀನಿ," ಅಂದಳು. ಅಳಬೇಡ ಎಂದು ಅವನೇ ಹೇಳಿದ್ದನಲ್ಲ, ಈಗ ಅವನ ಕಣ್ಣೇ ತುಂಬಿತ್ತು!