ಅಜ್ಜಿಗೆ ಬಿಸಿಲು ಬೀಳುವ ಹೊತ್ತು

ಒಗೆದ ಬಟ್ಟೆಗಳನ್ನು ಹಿಂಡಿ ತಂತಿಗೆ ಹಾಕುತ್ತಿದ್ದೆ. ಆಗಷ್ಟೇ ಕೆಲಸಕ್ಕೆ ಹೋಗಿದ್ದ ಯಜಮಾನರು ಗೇಟು ತೆಗೆದು ಒಳಗೆ ಬಂದರು. ಊಟದ ಡಬ್ಬಿ ಕೈಯಲ್ಲೇ ಇತ್ತು.

"ಒಳಗೆ ಬಿಡಲಿಲ್ಲ ಕಣೇ. ಅಜ್ಜಿ ವಿಷಯದಲ್ಲಿ ನಾನೇ ಕಳ್ಳಾಟ ಆಡಿದ್ದೀನಂತೆ. ಸಂಜೆ ಸಾಹೇಬರು ಮನೆಗೇ ಬರ್ತಾರೆ. ಉತ್ತರ ಕೊಡದಿದ್ರೆ ಕೆಲಸ ಹೋಯ್ತು, ಪೊಲೀಸ್ ಕೇಸೂ ಆಗುತ್ತೆ."

ಅಜ್ಜಿ ಎಂದರೆ ಮನುಷ್ಯರಲ್ಲ. ಅಣುಸ್ಥಾವರದಲ್ಲಿ ಬಳಸಿ ತೆಗೆದ ಇಂಧನವನ್ನು ಹತ್ತಾರು ವರ್ಷ ಕಾಪಾಡುವ ಉಕ್ಕಿನ ಪೀಪಾಯಿಗಳು ಯಜಮಾನರು ಕೆಲಸ ಮಾಡುವ ಅಂಗಳದಲ್ಲಿ ಸಾಲಾಗಿ ನಿಂತಿವೆ. ಎಲ್ಲಕ್ಕಿಂತ ಹಳೆಯದಕ್ಕೆ ಆ ಹೆಸರು. ಪ್ರತಿಯೊಂದಕ್ಕೂ ಎರಡು ಮುಚ್ಚಳ, ನಡುವೆ ಒತ್ತಿ ತುಂಬಿದ ಅನಿಲ. ಅದರ ಒತ್ತಡ ಇಳಿದರೆ ಮುಚ್ಚಳ ಸೋರುತ್ತಿದೆ ಎಂದರ್ಥ. ಪಕ್ಕದ ಕೋಣೆಯಲ್ಲಿ ಕೂತು ಆ ಒತ್ತಡವನ್ನು ಪರದೆಯ ಮೇಲೆ ಕಾಯುವುದೇ ಯಜಮಾನರ ಕೆಲಸ.

ಹಿಂದಿನ ದಿನ ತಪಾಸಣೆಯವರು ನೇರವಾಗಿ ಮಾಪಕ ಹಚ್ಚಿ ನೋಡಿದಾಗ ಅಜ್ಜಿಯ ಒತ್ತಡ ಪಾತಾಳ ಕಂಡಿತ್ತು. ಪರದೆ ಮಾತ್ರ ಎಲ್ಲ ಕ್ಷೇಮ ಎನ್ನುತ್ತಿತ್ತು. ಯಾರೋ ಅಜ್ಜಿಯ ತಂತಿ ಕಳಚಿ, ದೂರದ ಇನ್ನೊಂದು ಪೀಪಾಯಿಯ ತಂತಿಯನ್ನು ಅಲ್ಲಿಗೂ ಜೋಡಿಸಿದ್ದರು. ಜೋಡಣೆಯ ಮೇಲೆ ಧೂಳು ದಪ್ಪಗೆ ಕೂತಿತ್ತು. ಆ ಜೋಡಣೆಯಿರುವ ತಂತಿಪೆಟ್ಟಿಗೆಯ ಬೀಗದ ಕೈ ಇರುವುದು ಯಜಮಾನರ ಮೇಜಿನಲ್ಲಿ.

ನಮ್ಮ ಜೊತೆಗೇ ಇರುವ ಅತ್ತಿಗೆ, ಯಜಮಾನರ ಅಕ್ಕ, ಪೊಲೀಸ್ ತನಿಖೆಯಲ್ಲೇ ತಲೆ ನರೆಸಿಕೊಂಡವರು. ಎಲ್ಲ ಕೇಳಿಸಿಕೊಂಡು, "ಅಳೋದು ಆಮೇಲೆ ಇಟ್ಕೊ," ಎಂದು ನನ್ನನ್ನು ಗದರಿದರು. "ಬಟ್ಟೆ ಆ ಕಡೆ ಹಾಕು. ಇಲ್ಲಿ ಮಧ್ಯಾಹ್ನದವರೆಗೂ ಗೋಡೆ ನೆರಳು." ಅಷ್ಟು ಹೇಳಿ ಥಟ್ಟನೆ ತಮ್ಮನ ಕಡೆ ತಿರುಗಿದರು. "ಲೋ, ಬಿಸಿಲಿಗೆ ಆ ಒತ್ತಡ ಏರುತ್ತಾ?"

"ಚೂರು ಏರುತ್ತೆ. ಪರದೆ ಮೇಲೆ ಅಜ್ಜಿ ತಿಂಡಿ ಹೊತ್ತಿಗೇ ಏಳ್ತಾಳೆ."

ಅತ್ತಿಗೆ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು. ಊಟದ ಹೊತ್ತಿಗೆ ಬಂದಾಗ ಸೆರಗಿಗೆಲ್ಲ ಮುಳ್ಳು ಅಂಟಿತ್ತು. "ಬೇಲಿಯಾಚೆಯಿಂದ ನೋಡ್ದೆ. ನಿಮ್ಮ ಅಜ್ಜಿಯ ಮೂಡಣಕ್ಕೇ ಎತ್ತರದ ಗೋಡೆ," ಎಂದಷ್ಟೇ ಹೇಳಿದರು.

ಸಂಜೆ ಸಾಹೇಬರು ಬಂದರು. ಅದೇ ಅಂಗಳದಲ್ಲಿ ಮೆಕ್ಯಾನಿಕ್ ಆಗಿರುವ ನನ್ನ ತಮ್ಮನೂ ಭಾವನ ಪರ ಮಾತಾಡಲು ಬಂದ. ನನ್ನ ಮಗಳು ಓಡಿಹೋಗಿ ಅವನ ತೊಡೆಯೇರಿದಳು.

"ಪೊಲೀಸ್ ಅಕ್ಕನವರ ಟೀ ಕುಡಿದ್ರೆ ಕಳ್ಳ ತಾನಾಗೇ ಒಪ್ಕೊಳ್ತಾನೆ," ಎಂದು ಅವನು ನಗಾಡಿದ.

"ಕುಡಿ ಮತ್ತೆ," ಎಂದರು ಅತ್ತಿಗೆ. "ಅಜ್ಜಿಗೆ ಬಿಸಿಲು ಬೀಳೋದು ಯಾವಾಗಪ್ಪ?"

"ಮಧ್ಯಾಹ್ನದ ಮೇಲೆ. ಬೆಳಿಗ್ಗೆ ಗೋಡೆ ನೆರಳಿರುತ್ತಲ್ಲ."

"ಸಾಹೇಬ್ರೆ, ನೀವು ಇಲ್ಲಿಗೆ ವರ್ಗವಾಗಿ ಬಂದದ್ದು ಮೊನ್ನೆ. ಧೂಳು ನಿಮಗಿಂತ ಹಳೇದು. ನೀವಲ್ಲ. ನನ್ನ ತಮ್ಮ ಅಂಗಳಕ್ಕೆ ಇಳಿಯೋನೇ ಅಲ್ಲ. ಪರದೆ ಹೇಳಿದ್ದನ್ನೇ ನಂಬಿ, ಅಜ್ಜಿ ಬೆಳಿಗ್ಗೆ ಏಳ್ತಾಳೆ ಅಂದ. ಬೆಳಿಗ್ಗೆ ಏರೋದು ಬಿಸಿಲಲ್ಲಿರೋ ಆ ಇನ್ನೊಂದು ಪೀಪಾಯಿ. ಮೋಸ ಮಾಡಿದೋನು ಹಾಗೆ ನಂಬ್ತಾನಾ?" ಅತ್ತಿಗೆ ಲೋಟ ಕೆಳಗಿಟ್ಟರು. "ಈ ಮೆಕ್ಯಾನಿಕ್ಕು ಅಂಗಳದಲ್ಲೂ ಓಡಾಡ್ತಾನೆ, ವಾರಕ್ಕೊಮ್ಮೆ ಪರದೆ ಪರೀಕ್ಷೆನೂ ಮಾಡ್ತಾನೆ. ಬೀಗದ ಕೈ ಕೇಳಿದ್ರೆ ಭಾವ ಇಲ್ಲ ಅಂತಾನಾ?" ಅವನ ಕಡೆಗೇ ತಿರುಗಿದರು. " ನೆರಳಲ್ಲಿರೋ ಅಜ್ಜಿ ಪರದೆ ಮೇಲೆ ಬೆಳಿಗ್ಗೆ ಹೇಗೆ ಬಿಸಿಯಾದ್ಲು ಅಂತ ನೀನು ಒಂದು ದಿನವೂ ಕೇಳಲಿಲ್ಲ. ಯಾಕಪ್ಪ?"

ನನ್ನ ತಮ್ಮ ಟೀ ಲೋಟ ಪಕ್ಕಕ್ಕೆ ಸರಿಸಿದ. ಎಲ್ಲ ಬಾಯಿಬಿಟ್ಟ. ಹೊರಮುಚ್ಚಳದ ಸೀಲು ಬದಲಿಸುವಾಗ ಅವಸರದಲ್ಲಿ ಸರಿಯಾಗಿ ಒರೆಸಿರಲಿಲ್ಲ, ಒತ್ತಡ ಇಳಿಯತೊಡಗಿತು. ಯಾರಿಗೂ ತಿಳಿಯದಂತೆ ಸರಿಮಾಡೋಣ ಎಂದು ತಂತಿ ಬದಲಿಸಿದ್ದ. ಇವತ್ತು ನಾಳೆ ಎನ್ನುತ್ತಲೇ ಉಳಿದುಹೋಯಿತು.

"ಒಳಮುಚ್ಚಳ ಗಟ್ಟಿಯಿತ್ತು, ಬಚಾವಾದ್ವಿ," ಎಂದರು ಸಾಹೇಬರು. ಯಜಮಾನರ ಕೈ ಹಿಡಿದು, "ನಾಳೆ ಕೆಲಸಕ್ಕೆ ಬನ್ನಿ," ಎಂದರು.

ನನಗೆ ಉಸಿರು ಬಂದಂತಾಯಿತು, ಆದರೆ ತಮ್ಮನ ಮುಖ ನೋಡಲಾಗಲಿಲ್ಲ. ನನ್ನ ಸೊಂಟದ ಮೇಲೆ ಬೆಳೆದವನು.  ಮಗಳು ಅವನ ತೊಡೆಯಿಂದ ಮೆಲ್ಲನೆ ಇಳಿದು ಎದುರಿಗೆ ನಿಂತಳು.

"ಮಾಮ, ಅದು ಸೋರುತ್ತೆ ಅಂತ ಗೊತ್ತಿದ್ದೂ, ದಿನಾ ನೀನೇ ಅಪ್ಪನ್ನ ಬೈಕಲ್ಲಿ ಕೂರಿಸ್ಕೊಂಡು ಹೋಗಿ ಅದರ ಪಕ್ಕದಲ್ಲೇ ಬಿಡ್ತಿದ್ಯಾ?"