ಮೂರು ಸಂಘಗಳ ಸಿಂಹ

ಸರಸಳ ಮುಖದಲ್ಲಿ ಗುಳ್ಳೆಗಳೆದ್ದಾಗ ಅಬ್ದುಲ್ ಹಕೀಂ ಮಾಷ್ಟ್ರ ಕೈಯಲ್ಲಿ ಬಣ್ಣದ ಕುಂಚ ಇನ್ನೂ ಹಸಿಯಾಗಿಯೇ ಇತ್ತು. ಹುಡುಗಿ ಮುಖ ಹಿಡಿದುಕೊಂಡು ನೆಲದ ಮೇಲೆ ಹೊರಳಾಡಿದಳು. ಮಗಳ ಕಣ್ಣೇ ಹೋಯಿತೆಂದು ತಾಯಿ ಗೋಳಾಡುವುದನ್ನು ಕೇಳಿ ಉಳಿದ ಮಕ್ಕಳು ತಮ್ಮ ಮುಖದ ಬಣ್ಣವನ್ನು ಅಂಗಿಯ ತುದಿಯಿಂದಲೇ ಉಜ್ಜತೊಡಗಿದರು.

ಅದು ೧೯೫೮ರ ಬೇಸಗೆ ರಜೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಮೂರು ಕಲಾಸಂಘಗಳು ಮೊದಲ ಸಲ ಕೈಜೋಡಿಸಿ ಮಕ್ಕಳಿಗೆ ಪುಕ್ಕಟೆಯಾಗಿ ನಾಟಕ, ಹಾಡು, ಚಿತ್ರ ಕಲಿಸುತ್ತಿದ್ದವು. ತರಗತಿ ಊರಿಂದೂರಿಗೆ ಸುತ್ತುತ್ತಿತ್ತು. ಹಿಂದಿನ ದಿನ ಬೆಳ್ತಂಗಡಿಯಲ್ಲಿ ನಾಟಕದ ಅಭ್ಯಾಸ ನಡೆದಿತ್ತು. ಅಂದು ಮೂಡುಬಿದಿರೆಯಲ್ಲಿ ಬಣ್ಣಗಾರಿಕೆಯ ಪಾಠ. ಫರಂಗಿಪೇಟೆಯ ಹಕೀಂ ಮಾಷ್ಟ್ರು ಬಂಟ್ವಾಳ ಸಂಘದ ಚಿತ್ರಕಲಾ ಶಿಕ್ಷಕರು. ಬಣ್ಣ ಕಲಸಿದವರೂ ಹಚ್ಚಿದವರೂ ಅವರೇ.

ಬಣ್ಣದಲ್ಲಿ ಏನೋ ವಿಷ ಸೇರಿದೆ ಎಂದು ಮೊದಲು ಹೇಳಿದವರು ಬೆಳ್ತಂಗಡಿ ಸಂಘದ ಕಾರ್ಯದರ್ಶಿ ಚಿನ್ನಯ್ಯ. ಆ ಮಾತು ಮಾಷ್ಟ್ರಿಗಿಂತ ಮೊದಲೇ ಫರಂಗಿಪೇಟೆ ಮುಟ್ಟಿತ್ತು. ಅವರು ಬಸ್ಸಿಳಿದಾಗ ಜಂಕ್ಷನ್ನಿನ ಹೋಟೆಲಿನಲ್ಲಿ ಮಾತು ನಿಂತಿತು. ನೆಂಟರ ಊರಿಗೆ ಹೋಗಿ ತಲೆಮರೆಸಿಕೊಳ್ಳುವುದು ಒಳ್ಳೆಯದೆಂದು ನೆರೆಯವರೊಬ್ಬರು ಮೆಲ್ಲಗೆ ಹೇಳಿಹೋದರು. ಅದಕ್ಕಿಂತ ದೊಡ್ಡ ಭಯ ಮಾಷ್ಟ್ರ ಎದೆಯೊಳಗೇ ಇತ್ತು: ತನ್ನ ಕೈಯೇ ಎಲ್ಲಾದರೂ ತಪ್ಪಿತೇ? ಅನ್ನ ಕಲಸಲು ಹೋದರೂ ಆ ಬೆರಳುಗಳನ್ನು ನೋಡಲು ಅವರಿಗೆ ಧೈರ್ಯ ಬರಲಿಲ್ಲ.

ಮರುದಿನ ಅವರು ಮೂಡುಬಿದಿರೆಯ ಶಶಿಪ್ರಭಾ ಅಮ್ಮನ ಮನೆಗೆ ಹೋದರು. ನಿವೃತ್ತ ಮುಖ್ಯೋಪಾಧ್ಯಾಯಿನಿ; ಪೊಲೀಸರೂ ಬಿಡಿಸಲಾಗದ ಒಗಟು ಹಿಡಿದು ಆಕೆಯ ಜಗಲಿಗೆ ಬರುತ್ತಿದ್ದರು. ಹಲವು ಪತ್ತೇದಾರಿಕೆಗಳಲ್ಲಿ ಮಾಷ್ಟ್ರೇ ಆಕೆಯ ಜೊತೆಗಾರ. ಈ ಸಲ ಮಾತ್ರ ಆರೋಪಿಯಾಗಿ ಎದುರು ಕುಳಿತರು.

ಆಕೆ ಸಮಾಧಾನದ ಮಾತು ಆಡಲಿಲ್ಲ. ಅವರನ್ನು ಕರೆದುಕೊಂಡು ಮೊದಲು ಆಸ್ಪತ್ರೆಗೆ ಹೋದರು. ಕಣ್ಣಿಗೆ ಅಪಾಯವಿಲ್ಲವೆಂದು ಡಾಕ್ಟರು ಹೇಳಿದರು. ಸರಸಳ ಗುಳ್ಳೆಗಳು ಹಣೆ, ಕೆನ್ನೆಯ ಅಂಚು, ಗಲ್ಲವನ್ನು ಬಳಸಿ ಬಳೆಯಂತೆ ನಿಂತಿದ್ದವು. ಮೂಗು, ರೆಪ್ಪೆ ಸ್ವಚ್ಛವಾಗಿದ್ದವು. ಆಮೇಲೆ ಶಶಿಪ್ರಭಾ, ನಾಟಕದಲ್ಲಿ ಸರಸ ಹಾಕುತ್ತಿದ್ದ ಕಾಗದದ ಸಿಂಹದ ಮುಖವಾಡವನ್ನು ತರಿಸಿ, ಒಳಗಿನ ಅಂಚಿನಲ್ಲಿ ಕಿರುಬೆರಳು ಆಡಿಸಿದರು. ಅಂಟು ಅಂಟಾಗಿತ್ತು. ಬೆಳ್ತಂಗಡಿಯ ಸಭಾಂಗಣಕ್ಕೂ ಹೋದರು. ಅಲ್ಲಿನ ಮರದ ಕಂಬಗಳು ಹೊಸದಾಗಿ ಕಪ್ಪಗೆ ಮಿರುಗುತ್ತಿದ್ದವು. ಅಂಥದೇ ಇನ್ನೊಂದು ಸಿಂಹ ಮಾಡಿ ತರಬೇಕೆಂದು ಮಾಷ್ಟ್ರಿಗೆ ಹೇಳಿದರು, ಯಾಕೆಂದು ಹೇಳಲಿಲ್ಲ.

ಸಿಂಹ ಒಣಗಿದ ಮೇಲೆ ಮೂರೂ ಸಂಘದ ಮುಖ್ಯಸ್ಥರನ್ನು ಬಣ್ಣದ ಪಾಠ ನಡೆದ ಶಾಲೆಗೆ ಕರೆಸಿದರು: ಬಂಟ್ವಾಳದ ಮುಂಡಪ್ಪ, ಮೂಡುಬಿದಿರೆಯ ನಿತ್ಯಾನಂದ, ಬೆಳ್ತಂಗಡಿಯ ಚಿನ್ನಯ್ಯ. ಶಶಿಪ್ರಭಾರ ಕಿರುಬೆರಳಿಗೆ ಬಟ್ಟೆ ಸುತ್ತಿತ್ತು. ಮೇಜಿನ ಮೇಲೆ ಅಂದಿನದೇ ಬಣ್ಣ, ಪಕ್ಕದಲ್ಲಿ ಮಾಷ್ಟ್ರು ಮಾಡಿದ ಹೊಸ ಸಿಂಹ.

"ಎರಡನ್ನೂ ಒಮ್ಮೆ ಮುಖಕ್ಕೆ ತಾಗಿಸಿ ನೋಡುವ," ಎಂದರು ಆಕೆ.

ಮುಂಡಪ್ಪ ಬಣ್ಣ ಕಂಡು ಹಿಂದೆ ಸರಿದರು, ಮುಖವಾಡವನ್ನು ಮಾತ್ರ ಸಲೀಸಾಗಿ ಹಾಕಿಕೊಂಡರು. ನಿತ್ಯಾನಂದರೂ ಹಾಗೆಯೇ ಮಾಡಿದರು. ಚಿನ್ನಯ್ಯ ಬಣ್ಣದಲ್ಲಿ ಬೆರಳದ್ದಿ ಕೆನ್ನೆಗೆ ಹಚ್ಚಿಕೊಂಡರು. ಸಿಂಹ ಹತ್ತಿರ ಬಂದಾಗ ಅವರ ಕುರ್ಚಿ ಹಿಂದಕ್ಕೆ ಜಾರಿತು.

"ಬಣ್ಣದಲ್ಲಿ ವಿಷ ಉಂಟು ಅಂದವರು ನೀವೇ," ಎಂದರು ಶಶಿಪ್ರಭಾ. "ಈಗ ಹೆದರುವುದು ಮುಖವಾಡಕ್ಕೆ."

ಆಕೆ ಒಂದೊಂದಾಗಿ ಬಿಡಿಸಿ ಹೇಳಿದರು. ಒಂದೇ ಬಟ್ಟಲಿನ ಬಣ್ಣ ಎಲ್ಲ ಮಕ್ಕಳಿಗೂ ಹಚ್ಚಿದ್ದು, ಸುಟ್ಟದ್ದು ಒಬ್ಬಳಿಗೆ. ಗುಳ್ಳೆ ಎದ್ದದ್ದು ಮುಖವಾಡದ ಅಂಚು ಕೂರುವಲ್ಲಿ ಮಾತ್ರ. ಗೆದ್ದಲು ಹಿಡಿಯದಂತೆ ಮರಕ್ಕೆ ಬಳಿಯುವ ಗೇರುಬೀಜದ ಸಿಪ್ಪೆಯ ಎಣ್ಣೆಯೇ ಆ ಅಂಟು. ತಾಗಿದ ಕೂಡಲೇ ಗೊತ್ತಾಗುವುದಿಲ್ಲ, ಗುಳ್ಳೆ ಮರುದಿನ ಏಳುತ್ತದೆ. ಆಕೆಯ ಬೆರಳಿಗೂ ಹಾಗೆಯೇ ಆಗಿತ್ತು. ಅಂದಮೇಲೆ ಎಣ್ಣೆ ತಾಗಿದ್ದು ಮೂಡುಬಿದಿರೆಯಲ್ಲಲ್ಲ, ಹಿಂದಿನ ದಿನ ಬೆಳ್ತಂಗಡಿಯಲ್ಲಿ. ಅಂದು ಹಕೀಂ ಮಾಷ್ಟ್ರು ಅಲ್ಲಿರಲೇ ಇಲ್ಲ. ಕಂಬಗಳಿಗೆ ಎಣ್ಣೆ ಬಳಿಸಿದವರು ಚಿನ್ನಯ್ಯ. ಮೂರು ಸಂಘ ಒಂದಾಗುವ ಮೊದಲು ಸಿಂಹದ ಪಾತ್ರ ಅವರ ಮಗಳು ಕಾಂತಿಯದು. ಒಂದಾದ ಮೇಲೆ ಅದು ಸರಸಳಿಗೆ ಹೋಗಿತ್ತು.

"ಸ್ವಲ್ಪ ತುರಿಸಿದರೆ ಪಾತ್ರ ಬಿಟ್ಟು ಹೋಗ್ತಾಳೆ ಅಂತ ಎಣಿಸಿದ್ದು," ಎಂದರು ಚಿನ್ನಯ್ಯ. "ಇಷ್ಟಾದೀತೆಂದು ನಾನು ಎಣಿಸಿರಲಿಲ್ಲ."

"ಮತ್ತೆ ನನ್ನನ್ನು ಯಾಕೆ ತೋರಿಸಿದ್ದು, ಚಿನ್ನಯ್ಯಣ್ಣ?" ಎಂದು ಮಾಷ್ಟ್ರು ಕೇಳಿದರು.

ಚಿನ್ನಯ್ಯ ಕೆನ್ನೆಯ ಬಣ್ಣವನ್ನು ಅಂಗಿಯ ತೋಳಿಗೆ ಒರೆಸಿಕೊಂಡರು. ಮುಂಡಪ್ಪ ಅವರನ್ನು ಠಾಣೆಗೆ ಕರೆದುಕೊಂಡು ಹೋದರು.

ಕಾಂತಿಯನ್ನೂ ತರಗತಿಯಿಂದ ಬಿಡಿಸಬೇಕೆಂದು ಕೆಲವರು ಹಟ ಹಿಡಿದರು. ಸರಸಳ ತಾಯಿಯೇ ಬೇಡವೆಂದರು. ನಾಟಕದ ದಿನ, ಗಾಯ ಮಾಯುತ್ತಿದ್ದ ಸರಸ ಮುಂದಿನ ಸಾಲಿನಲ್ಲಿ ಕುಳಿತಿದ್ದಳು. ಒಳಗೆ ಬಣ್ಣ ಹಚ್ಚಿಸಿಕೊಳ್ಳಲು ಮಾಷ್ಟ್ರ ಎದುರು ಬಂದು ಕುಳಿತವಳು ಕಾಂತಿ. ತಂದೆಗೆ ಏನಾಯಿತೆಂದು ಅವಳಿಗೆ ಗೊತ್ತಿತ್ತು. ಆದರೂ ಕಣ್ಣು ಮುಚ್ಚಿ ಮುಖ ಮುಂದೆ ಚಾಚಿದಳು. ಮಾಷ್ಟ್ರು ಕುಂಚವನ್ನು ಮೊದಲು ತಮ್ಮ ಕೆನ್ನೆಗೆ ಎಳೆದುಕೊಂಡು, ತುಸು ಕಾದು, ಆಮೇಲೆ ಅವಳ ಹಣೆಗೆ ಮುಟ್ಟಿಸಿದರು.