ಅಜ್ಜಿಗೆ ಹೇಳಿದ ಆ ಒಂದು ಸುಳ್ಳು

"ಒಳಗೆ ಹೋಗ್ಬೇಡಿ!"

ಕ್ರೈಸ್ತ ದೇವಾಲಯದ ಮೆಟ್ಟಿಲಿಗೆ ಅಡ್ಡವಾಗಿ ನಿಂತ ಯುವಕನನ್ನು ವಾಣಿ ದುರುಗುಟ್ಟಿ ನೋಡಿದಳು.

"ಭಾನುವಾರ ಆರಾಧನೆಗೆ ಬರೋಕೆ ನಿಮ್ಮ ಪರ್ಮಿಷನ್ ಬೇಕಾ? ಯಾರ್ರೀ ನೀವು?"

"ಯಾರೋ ಒಬ್ಬ ಅನ್ಕೊಳ್ಳಿ. ಅಜ್ಜಿ ಜೊತೇಲಿದಾರೆ, ಅದಕ್ಕೇ ಹೇಳ್ತಿದೀನಿ. ಒಳಗೆ ಜಗಳ ಆಗ್ತಿದೆ. ದಯವಿಟ್ಟು..."

ಅವನ ಮಾತು ಮುಗಿಯಲಿಲ್ಲ. ಒಳಗಿನಿಂದ ಯಾರೋ ಎಸೆದ ಕುರ್ಚಿ ಕಿಟಕಿಗೆ ಬಡಿಯಿತು. ಫಳ್ಳನೆ ಒಡೆದ ಗಾಜು ಅಜ್ಜಿಯ ಮೇಲೆ ಬೀಳುವಷ್ಟರಲ್ಲಿ ಅವನು ತಿರುಗಿ, ಆಕೆಯನ್ನು ಬಾಚಿ ತಬ್ಬಿ, ತನ್ನ ಬೆನ್ನನ್ನು ಕಿಟಕಿಗೆ ಒಡ್ಡಿದ್ದ!

ಅವನ ಕಿವಿಯ ಹಿಂದೆ ರಕ್ತ ಇಳಿಯತೊಡಗಿತು. ಅಜ್ಜಿ ಭಾಗ್ಯಮ್ಮ ಗಾಯಕ್ಕೆ ಸೆರಗು ಒತ್ತಿ ಹಿಡಿದಳು.

"ಏನಪ್ಪಾ ನಿನ್ನೆಸರು?"

"ಶಶಿಕುಮಾರ್ ಅಜ್ಜಿ. ನಂಗೇನೂ ಆಗಿಲ್ಲ. ನೀವು ಮನೆಗೆ ಹೋಗಿ."

ಆ ಕಣ್ಣುಗಳಲ್ಲಿದ್ದ ಕಾಳಜಿ ಕಂಡು ವಾಣಿಯ ಎದೆ ಒಂದು ಕ್ಷಣ ಮೆತ್ತಗಾಯಿತು. ಅಷ್ಟರಲ್ಲೇ ಒಳಗಿನಿಂದ ಗಡಸು ದನಿಯೊಂದು ಕೂಗಿತು.

"ಲೇ ಶಶಿ! ಆ ಕಡೆಯವರ ಹತ್ರ ಏನೋ ನಿಂಗೆ ಮಾತು? ಬಾರೋ ಒಳಗೆ!"

ಸಭೆಯ ಕಾರ್ಯದರ್ಶಿ ಹರಿಪ್ರಸಾದ್ ಅವರ ದನಿ ಅದು!

'ಓ... ಇವನು ಅವರ ಕಡೆಯವನು' ಎಂದುಕೊಂಡಳು ವಾಣಿ. ಮೆತ್ತಗಾಗಿದ್ದ ಮನಸ್ಸು ಮತ್ತೆ ಗಟ್ಟಿಯಾಯಿತು.

ದೊಡ್ಡಬಳ್ಳಾಪುರದ ಆ ಪುಟ್ಟ ಸಭೆಯಲ್ಲಿ ಇದ್ದದ್ದು ಎಂಬತ್ತು ಕುಟುಂಬ. ಒಂಬತ್ತು ವರ್ಷದಿಂದ ಇದ್ದ ಪಾದ್ರಿ ಅಯ್ಯನವರಿಗೆ ಮೇಲಿನಿಂದ ವರ್ಗಾವಣೆ ಬಂದಿತ್ತು. ಅಯ್ಯನವರು ಇಲ್ಲೇ ಇರಬೇಕು ಎಂದು ಮುರಳಿ ಎಂಬವರ ಹಿಂದೆ ಅರ್ಧ ಜನ, ಆದೇಶ ಪಾಲಿಸಬೇಕು ಎಂದು ಹರಿಪ್ರಸಾದರ ಹಿಂದೆ ಇನ್ನರ್ಧ ಜನ. ವಾಣಿ ಮುರಳಿಯ ಕಡೆ. ತನಗೆ ದೀಕ್ಷಾಸ್ನಾನ ಕೊಟ್ಟು, ತಂದೆತಾಯಿ ತೀರಿಕೊಂಡಾಗ ಮನೆಗೆ ಬಂದು ಜೊತೆಗೆ ಕೂತು ಅತ್ತಿದ್ದ ಅಯ್ಯನವರನ್ನು ಬಿಟ್ಟುಕೊಡಲು ಅವಳಿಗೆ ಆಗಿರಲಿಲ್ಲ.

ಆ ದಿನ ಮಧ್ಯಾಹ್ನ ಪೊಲೀಸರು ಬಂದರು. ರಾಜಿ ಆಗುವವರೆಗೆ ಯಾರೂ ಒಳಗೆ ಹೋಗುವಂತಿಲ್ಲವೆಂದು ದೇವಾಲಯಕ್ಕೆ ಬೀಗ ಬಿತ್ತು.

ಮುಂದಿನ ಭಾನುವಾರ ಬೆಳಿಗ್ಗೆ ಭಾಗ್ಯಮ್ಮ ತಲೆಗೆ ಸ್ನಾನ ಮಾಡಿ ಬಿಳಿ ಸೀರೆ ಉಟ್ಟು ನಡುಮನೆಯಲ್ಲಿ ಚಾಪೆ ಹಾಸುತ್ತಿದ್ದಳು.

"ಏನಜ್ಜಿ ಇದು?"

"ಆರಾಧನೆ ಕಣವ್ವಾ."

"ಬೀಗ ಹಾಕವ್ರಲ್ಲ ಅಜ್ಜಿ!"

"ಬಾಗಿಲಿಗೆ ತಾನೇ ಹಾಕಿರೋದು? ಕೂತ್ಕೋ ಬಾ."

ಮಗ್ಗದ ಮನೆಗಳಲ್ಲಿ ನೂಲು ಸುತ್ತಿ ಮೊಮ್ಮಗಳನ್ನು ಸಾಕಿದವಳು ಆಕೆ. ಇಪ್ಪತ್ತು ವರ್ಷ ಪ್ರತಿ ಶನಿವಾರ ದೇವಾಲಯದ ಕಸ ಗುಡಿಸಿದವಳು. ಓದು ಬರದು. ದೊಡ್ಡ ಪ್ರಾರ್ಥನೆಯೂ ಬರದು.

"ಸ್ವಾಮಿ, ನಮ್ಗೇನೂ ತಿಳೀತಿಲ್ಲ. ನಿಂಗೆ ತಿಳೀತದೆ. ಅಷ್ಟು ಸಾಕು. ಆಮೆನ್."

'ಅಷ್ಟೇನಾ? ಸಭೆ ಒಡೆದು ಹೋಗ್ತಿದೆ, ಇಷ್ಟೇ ಪ್ರಾರ್ಥನೆನಾ?' ವಾಣಿಗೆ ಸಮಾಧಾನವಾಗಲಿಲ್ಲ. ಅವಳಿಗೆ ಉತ್ತರ ಬೇಕಿತ್ತು. ಯಾರು ಸರಿ, ಯಾರು ತಪ್ಪು, ಯಾವಾಗ ಬಾಗಿಲು ತೆರೆಯುತ್ತೆ... ಎಲ್ಲವೂ ಈಗಲೇ ಗೊತ್ತಾಗಬೇಕಿತ್ತು.

ಮೂರನೆಯ ಭಾನುವಾರ ಬಾಗಿಲಾಚೆ ಶಶಿಕುಮಾರ್ ನಿಂತಿದ್ದ. ಕಿವಿಯ ಹಿಂದೆ ಇನ್ನೂ ಪ್ಲಾಸ್ಟರ್ ಇತ್ತು.

"ಅಜ್ಜಿ, ನಾನು ಆ ಕಡೆಯವನು. ಹರಿಪ್ರಸಾದ್ ಅವರ ಅಕ್ಕನ ಮಗ. ಬರಬಹುದಾ?"

"ಯಾವ ಕಡೆ ಕಣಪ್ಪಾ? ಇಲ್ಲಿರೋದು ಒಂದೇ ಚಾಪೆ. ಬಾ, ಕೂತ್ಕೋ."

ವಾಣಿ ಮುಖ ತಿರುಗಿಸಿದಳು. ಆದರೆ ಅವನು ಕಣ್ಣು ಮುಚ್ಚಿ ಕೀರ್ತನೆ ಹಾಡತೊಡಗಿದಾಗ ತಿರುಗದೆ ಇರಲಾಗಲಿಲ್ಲ! ಆ ದನಿಯಲ್ಲಿ ಆಡಂಬರವಿರಲಿಲ್ಲ. ಮನೆಯವರೊಡನೆ ಮಾತಾಡಿದಂತಿತ್ತು.

ವಾರ ವಾರವೂ ಬಂದ. ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಯಲ್ಲಿ ಕೆಲಸ, ತಂದೆತಾಯಿ ಇಲ್ಲ, ಮಾವನ ಆಸರೆಯಲ್ಲಿ ಬೇರೆ ಊರಿನ ಹಾಸ್ಟೆಲಿನಲ್ಲಿ ಬೆಳೆದು ಈಚೆಗಷ್ಟೇ ಅವರ ಮನೆಗೆ ಬಂದವನು ಎಂಬುದು ನಿಧಾನವಾಗಿ ತಿಳಿಯಿತು. ಪ್ರಾರ್ಥನೆ ಮುಗಿದ ಮೇಲೂ ಉಳಿದು, ವಾಣಿ ಸೀರೆಗೆ ಕುಚ್ಚು ಹಾಕುವಾಗ ಎದುರು ಕೂತು ದಾರದ ಬಣ್ಣ ಬೇರ್ಪಡಿಸಿಕೊಡುತ್ತಿದ್ದ. ಹಸಿರಿಗೂ ಗಿಳಿಹಸಿರಿಗೂ ವ್ಯತ್ಯಾಸ ತಿಳಿಯದೆ ಬೈಸಿಕೊಳ್ಳುತ್ತಿದ್ದ. ಅವನು ಬೈಸಿಕೊಂಡು ನಕ್ಕರೆ ಅವಳಿಗೆ ದಿನವೆಲ್ಲ ಖುಷಿ... 'ನೀವು' ಎಂಬುದು ಯಾವಾಗ 'ನೀನು' ಆಯಿತೋ ಇಬ್ಬರಿಗೂ ಗೊತ್ತಾಗಲಿಲ್ಲ.

"ವಾಣಿ, ದೇವಾಲಯ ತೆರೆದ ಮೇಲೆ ಅಜ್ಜಿ ಹತ್ರ ಒಂದು ಮಾತು ಕೇಳ್ಲಾ?"

"ಏನ್ ಕೇಳ್ತೀಯ?"

"ನಿನ್ನ."

ಅವಳ ಕೈಯಲ್ಲಿದ್ದ ಸೂಜಿ ನಿಂತಿತು.

"ಅಕಸ್ಮಾತ್ ತೆರೀಲೇ ಇಲ್ಲಾಂದ್ರೆ?"

"ತೆರೆಯುತ್ತೆ."

"ನಿಂಗೆ ಹೇಗೆ ಗೊತ್ತು?"

"ಗೊತ್ತಿಲ್ಲ. ನಂಬಿದೀನಿ, ಅಷ್ಟೇ."

ಅವನೂ ಅಜ್ಜಿಯ ಹಾಗೇ! ಆ ನಂಬಿಕೆ ತನಗೆ ಯಾಕೆ ಬರುತ್ತಿಲ್ಲ ಎಂದು ವಾಣಿ ಒಳಗೊಳಗೇ ಕೊರಗಿದಳು.

ಐದನೆಯ ತಿಂಗಳಿಗೆ ಆ ನಡುಮನೆಯಲ್ಲಿ ಎರಡೂ ಕಡೆಯ ಇಪ್ಪತ್ತೇಳು ಜನ ಕೂರುತ್ತಿದ್ದರು. ಒಂದು ಭಾನುವಾರ ಪ್ರಾರ್ಥನೆಯ ನಡುವೆಯೇ ಪೊಲೀಸ್ ಪೇದೆ ಬಂದ.

"ಕಂಪ್ಲೇಂಟ್ ಬಂದಿದೆ ಅಮ್ಮಾ. ಮನೇಲಿ ಗುಂಪು ಸೇರಿಸಿ ಜಗಳ ಹೆಚ್ಚು ಮಾಡ್ತಿದೀರಂತೆ. ಬರೋರ ಹೆಸರೆಲ್ಲ ಬರೆದುಕೊಟ್ಟವ್ರೆ. ಇವತ್ತಿಂದ ನಿಲ್ಲಿಸಿ. ಇದಕ್ಕೆ ಯಾರು ಜವಾಬ್ದಾರಿನೋ ಅವರು ನಾಳೆ ಸ್ಟೇಷನ್‌ಗೆ ಬಂದು ಹೇಳಿಕೆ ಕೊಡಬೇಕು."

"ನಾನೇ ಬರ್ತೀನಿ ಬಿಡಪ್ಪ," ಎಂದಳು ಭಾಗ್ಯಮ್ಮ ಶಾಂತವಾಗಿ.

ವಾಣಿ ಬೆಚ್ಚಿದಳು. ಎಪ್ಪತ್ತೆಂಟರ ಅಜ್ಜಿ ಸ್ಟೇಷನ್ ಮೆಟ್ಟಿಲು ಹತ್ತುವುದೇ? ಹೆಸರು ಬರೆದುಕೊಟ್ಟವರು ಯಾರು? ಒಳಗೆ ಬಂದು ಕೂತವರಿಗೇ ತಾನೇ ಎಲ್ಲರ ಹೆಸರು ಗೊತ್ತು...

ಮರುದಿನ ಬೆಳಿಗ್ಗೆ ಕುಚ್ಚು ಹಾಕಿದ ಸೀರೆ ಕೊಡಲು ಪೇಟೆಗೆ ಹೋಗಿದ್ದಳು. ಸ್ಟೇಷನ್ ಎದುರು ಬಂದಾಗ ಕಂಡ ನೋಟಕ್ಕೆ ಕಾಲು ನಿಂತಿತು. ಒಳಗಿನಿಂದ ಶಶಿಕುಮಾರ್ ಬರುತ್ತಿದ್ದ. ಪಕ್ಕದಲ್ಲಿ ಹರಿಪ್ರಸಾದ್! ಇಬ್ಬರೂ ಕಾರು ಹತ್ತಿ ಹೊರಟರು.

ಟೀ ಅಂಗಡಿಯ ಮುಂದೆ ನಿಂತಿದ್ದ ಮುರಳಿ ಹತ್ತಿರ ಬಂದರು.

"ನೋಡಿದ್ಯೇನಮ್ಮ? ಕಂಪ್ಲೇಂಟ್ ಯಾರದ್ದು ಅಂತ ಈಗ ಗೊತ್ತಾಯ್ತಾ? ಹಾಡು ಹೇಳ್ಕೊಂಡು ಒಳಗೆ ಬಂದು ಏನ್ ಕೆಲಸ ಮಾಡ್ಬಿಟ್ಟ ನೋಡು!"

ವಾಣಿ ಕಾರು ಹೋದ ದಾರಿಯನ್ನೇ ನೋಡಿದಳು. 'ಅವನಾ? ನನ್ನ ಶಶಿನಾ?'

ಅಚ್ಚರಿಯೆಂದರೆ, ಅಜ್ಜಿ ಬರುವುದು ಬೇಡವೆಂದು ಮಧ್ಯಾಹ್ನ ಪೇದೆಯೇ ಹೇಳಿ ಹೋದ; ಆಮೇಲೆ ಯಾರೂ ಆಕೆಯನ್ನು ಸ್ಟೇಷನ್‌ಗೆ ಕರೆಯಲೇ ಇಲ್ಲ. ಯಾಕೆ ಕರೆಯಲಿಲ್ಲ ಎಂದು ವಾಣಿ ಯೋಚಿಸಲೂ ಇಲ್ಲ.

ಅಂದು ಸಂಜೆ ಶಶಿಕುಮಾರ್ ಮನೆ ಬಾಗಿಲಿಗೆ ಬಂದ. ಹೆಗಲ ಮೇಲೆ ದೊಡ್ಡ ಬ್ಯಾಗಿತ್ತು.

"ಯಾಕೆ ಬಂದ್ರಿ?" ಎಂದಳು.

ಆ 'ಬಂದ್ರಿ' ಅವನಿಗೆ ಹೊಡೆದಂತಾಯಿತು.

"ವಾಣಿ... ಒಂದ್ನಿಮಿಷ ಕೇಳು."

"ಒಂದೇ ಮಾತು ಹೇಳಿ. ಸ್ಟೇಷನ್‌ಗೆ ಹೋಗಿದ್ರೋ ಇಲ್ವೋ?"

"ಹೋಗಿದ್ದೆ. ಆದ್ರೆ..."

"ಸಾಕು! ಇನ್ನು ಈ ಮನೆ ಕಡೆ ಬರ್ಬೇಡಿ!"

ಬಾಗಿಲು ಹಾಕಿದಳು. ಅವನ ನಂಬರನ್ನೂ ಬ್ಲಾಕ್ ಮಾಡಿದಳು.

"ಆ ಹುಡುಗ ಅಂಥೋನಲ್ಲ ಮಗಾ," ಎಂದಳು ಭಾಗ್ಯಮ್ಮ.

"ನಿಂಗೆ ಎಲ್ಲರೂ ಒಳ್ಳೆಯವ್ರೇ ಅಜ್ಜಿ! ನಾನು ಕಣ್ಣಾರೆ ನೋಡಿದೀನಿ!"

ಮುಂದಿನ ಭಾನುವಾರದಿಂದ ಆ ಚಾಪೆಯ ಮೇಲೆ ಇಬ್ಬರೇ ಕೂತರು. ಅಜ್ಜಿಯ ಪ್ರಾರ್ಥನೆ ಮಾತ್ರ ಬದಲಾಗಲಿಲ್ಲ. "ನಮ್ಗೇನೂ ತಿಳೀತಿಲ್ಲ ಸ್ವಾಮಿ. ನಿಂಗೆ ತಿಳೀತದೆ."

ಜನವರಿಯ ಚಳಿಗೆ ಭಾಗ್ಯಮ್ಮನ ಎದೆ ಕಟ್ಟಿಕೊಂಡಿತು. ಎರಡು ವಾರ ಆಸ್ಪತ್ರೆಯಲ್ಲಿಟ್ಟು, ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಡಾಕ್ಟರ್ ಕಳಿಸಿದರು.

"ಮಗಾ... ಶಶಿಗೆ ಒಂದು ಫೋನ್ ಮಾಡವ್ವ. ಅವನ ಬಾಯಲ್ಲಿ ಒಂದು ಕೀರ್ತನೆ ಕೇಳ್ಬೇಕು ಅನ್ನಿಸ್ತಿದೆ."

ವಾಣಿ ಫೋನ್ ಹಿಡಿದು ಜಗುಲಿಗೆ ಬಂದಳು. ಬ್ಲಾಕ್ ತೆಗೆಯಲು ಬೆರಳು ಮುಂದಾಯಿತು... ಸ್ಟೇಷನ್ ಮುಂದಿನ ಆ ಕಾರು ನೆನಪಾಯಿತು. ಬೆರಳು ಹಿಂದೆ ಸರಿಯಿತು. ಸುಮ್ಮನೆ ಫೋನನ್ನು ಕಿವಿಗಿಟ್ಟುಕೊಂಡು ಸ್ವಲ್ಪ ಹೊತ್ತು ನಿಂತಳು. ಆಮೇಲೆ ಒಳಗೆ ಬಂದಳು.

"ರಿಂಗ್ ಆಯ್ತಜ್ಜಿ. ಎತ್ತಲಿಲ್ಲ."

"ಡ್ಯೂಟಿ ಇರ್ತದೆ, ಪಾಪ. ನೋಡ್ಕೊಂಡು ಬರ್ತಾನೆ ಬಿಡು."

ಎರಡು ದಿನ... ಗೇಟು ಸದ್ದಾದಾಗಲೆಲ್ಲ ಅಜ್ಜಿಯ ಕಣ್ಣು ಬಾಗಿಲಿಗೆ ಹೋಗುತ್ತಿತ್ತು. ಹಾಲಿನವನು, ಪಕ್ಕದ ಮನೆಯವಳು, ಮತ್ತೆ ಹಾಲಿನವನು. ಪ್ರತಿ ಸಲವೂ ವಾಣಿ ಆ ಕಣ್ಣುಗಳನ್ನು ನೋಡಿದಳು. ಆಗಲಾದರೂ ಒಂದು ಕರೆ ಮಾಡಬಹುದಿತ್ತು. ಮಾಡಲಿಲ್ಲ!

ಮೂರನೆಯ ದಿನ ಬೆಳಿಗ್ಗೆ ಭಾಗ್ಯಮ್ಮ ಕಣ್ಣು ಮುಚ್ಚಿದಳು. ಕೊನೆಗೆ ಹೇಳಿದ್ದು, "ಸ್ವಾಮಿ, ಆ ಹುಡುಗನ್ನ ಕಾಯಿ. ನಮ್ಮ ಹುಡುಗಿನೂ ಕಾಯಿ." ಇಪ್ಪತ್ತು ವರ್ಷ ಗುಡಿಸಿದ ದೇವಾಲಯದ ಬಾಗಿಲು ಆಕೆಯ ಶವಕ್ಕೂ ತೆರೆಯಲಿಲ್ಲ. ಮನೆಯ ಮುಂದೆಯೇ ಪ್ರಾರ್ಥನೆ ಮಾಡಿ ಸಮಾಧಿಗೆ ಒಯ್ದರು.

ಜೂನ್ ಮೊದಲ ವಾರ, ಬೀಗ ಬಿದ್ದ ಹನ್ನೊಂದು ತಿಂಗಳ ನಂತರ, ರಾಜಿಯಾಯಿತು. ಹಳೆಯ ಅಯ್ಯನವರು ಎಲ್ಲರ ಕೈ ಹಿಡಿದು ಬೀಳ್ಕೊಂಡರು, ಹೊಸ ಅಯ್ಯನವರು ಬಂದರು. ಮೊದಲ ಆರಾಧನೆಯಲ್ಲಿ ಯಾರೂ ಕರೆಯದೆ ಹರಿಪ್ರಸಾದ್ ಎದ್ದು ನಿಂತರು.

"ನಾನೊಂದು ತಪ್ಪೊಪ್ಪಿಗೆ ಹೇಳ್ಬೇಕು. ಭಾಗ್ಯಮ್ಮನವರ ಮನೆ ಪ್ರಾರ್ಥನೆ ಮೇಲೆ ಕಂಪ್ಲೇಂಟ್ ಆದಾಗ ನಮ್ಮ ಶಶಿ ಸ್ಟೇಷನ್‌ಗೆ ಹೋಗಿ, 'ಜನ ಸೇರಿಸ್ದೋನು ನಾನು, ಆ ಅಜ್ಜಿನ ಕರೀಬೇಡಿ' ಅಂತ ಬರೆದುಕೊಟ್ಟ. ಅದನ್ನ ವಾಪಸ್ ತಗೊಳ್ಳೋ ಅಂತ ನಾನೇ ಹಿಂದೆ ಹೋದೆ. ಕಾರಲ್ಲಿ ಕೂರಿಸ್ಕೊಂಡು ಬೈದೆ. ಕೇಳಲಿಲ್ಲ. ಅವತ್ತೇ ಮನೆಯಿಂದ ಆಚೆ ಹಾಕ್ದೆ. ತಾಯಿ ಇಲ್ಲದ ಮಗನ್ನ... ನಾನು..."

ಅಷ್ಟಕ್ಕೇ ಕುಸಿದು ಕೂತರು.

ಮುರಳಿ ತಲೆ ತಗ್ಗಿಸಿ ಎದ್ದರು. "ಬರೋರ ಹೆಸರು ಅವರಿವರ ಹತ್ರ ಕೇಳ್ಕೊಂಡು ಕಂಪ್ಲೇಂಟ್ ಕೊಟ್ಟಿದ್ದು ನಾನು. ನಮ್ಮ ಕಡೆಯವರು ಅವರ ಜೊತೆ ಕೂರೋದು ನಂಗೆ ಸಹಿಸೋಕಾಗ್ಲಿಲ್ಲ. ವಾಣಿಗೆ ಸುಳ್ಳು ಹೇಳ್ದೆ. ಕ್ಷಮಿಸಿ."

ವಾಣಿಗೆ ಮುರಳಿಯ ಮೇಲೆ ಸಿಟ್ಟೂ ಬರಲಿಲ್ಲ. ಹೆಗಲ ಮೇಲಿದ್ದ ಆ ಬ್ಯಾಗ್... ಮನೆ ಕಳೆದುಕೊಂಡು ನೇರ ತನ್ನ ಬಾಗಿಲಿಗೆ ಬಂದಿದ್ದ! 'ಆದ್ರೆ' ಎಂದವನಿಗೆ ಮುಂದಿನ ಮಾತು ಆಡಲು ಬಿಟ್ಟಿರಲಿಲ್ಲ. ಮುರಳಿ ಹೇಳಿದ್ದು ಒಂದು ಸುಳ್ಳು. ಸಾಯುವ ಅಜ್ಜಿಗೆ ತಾನು ಹೇಳಿದ್ದು?

"ಪಿಲ್ಲಗುಂಪೆಯಲ್ಲಿ ಕೆಲಸ ಮಾಡ್ತಿದಾನಂತೆ," ಹೊರಗೆ ಹರಿಪ್ರಸಾದ್ ಫ್ಯಾಕ್ಟರಿ ಹೆಸರು ಬರೆದ ಚೀಟಿ ಕೊಟ್ಟರು. "ನನ್ನ ಫೋನ್ ಎತ್ತಲ್ಲ. ನೀನಾದ್ರೂ ಹೋಗಮ್ಮ."

ಮರುದಿನ ದೇವನಹಳ್ಳಿ, ಸೂಲಿಬೆಲೆ ದಾಟಿ ಹೊಸಕೋಟೆಗೆ ಬಸ್ಸು; ಅಲ್ಲಿಂದ ಆಟೋ. ಮಧ್ಯಾಹ್ನ ಎರಡಕ್ಕೆ ಶಿಫ್ಟ್ ಬಿಟ್ಟಿತು. ನೀಲಿ ಯೂನಿಫಾರ್ಮಿನ ನೂರಾರು ಜನರ ನಡುವೆ ಅವನು ಬಂದ. ಸೊರಗಿದ್ದ. ಅವಳನ್ನು ಕಂಡು ನಿಂತ.

"ಹೇಳಿ," ಎಂದ. ತಣ್ಣಗೆ.

"ನಿನ್ನೆ ದೇವಾಲಯ ತೆರೀತು. ನಿಮ್ಮ ಮಾವ ಎಲ್ಲಾ ಹೇಳಿದ್ರು. ಶಶಿ... ನಾನು ತಪ್ಪು ಮಾಡ್ಬಿಟ್ಟೆ."

"ಪರವಾಗಿಲ್ಲ ಬಿಡಿ. ಅಜ್ಜಿ ಹೋಗಿದ್ದು ನಂಗೆ ಹತ್ತು ದಿನ ಆದ್ಮೇಲೆ ಗೊತ್ತಾಯ್ತು. ಹುಷಾರಿಲ್ದಾಗ ಒಂದು ಮಾತು ತಿಳಿಸಬಹುದಿತ್ತು. ಅದೊಂದೇ ಬೇಜಾರು."

ಇಲ್ಲಿಗೇ ನಿಲ್ಲಿಸಬಹುದಿತ್ತು. ಆ ಜಗುಲಿಯ ವಿಷಯ ಅವಳನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. 'ಇದನ್ನ ಹೇಳಿದ್ರೆ ಇವನು ಉಳಿಯಲ್ಲ...' 'ಸ್ವಾಮಿ, ನಂಗೇನೂ ತಿಳೀತಿಲ್ಲ. ನಿಂಗೆ ತಿಳೀತದೆ.' ಮೊದಲ ಬಾರಿಗೆ ಆ ಮಾತು ಅವಳದ್ದಾಯಿತು.

"ಅಜ್ಜಿ ನಿನ್ನನ್ನ ಕೇಳಿದ್ಲು. ಫೋನ್ ಮಾಡು ಅಂದ್ಲು. ನಾನು ಮಾಡಲಿಲ್ಲ. ಮಾಡ್ದೆ, ನೀನು ಎತ್ತಲಿಲ್ಲ ಅಂತ ಸುಳ್ಳು ಹೇಳ್ದೆ."

ಅವನು ಒಂದು ಹೆಜ್ಜೆ ಹಿಂದೆ ಸರಿದ.

"ನನಗೋಸ್ಕರ... ಕಾಯ್ತಿದ್ರಾ?"

"ಹೂಂ. ಎರಡು ದಿನ."

ಅವನು ಗೋಡೆಯ ಕಡೆ ತಿರುಗಿದ. ಹೆಗಲು ಅದುರುತ್ತಿತ್ತು. ವಾಣಿ ಮುಟ್ಟಲಿಲ್ಲ. ಮುಟ್ಟುವ ಹಕ್ಕು ತನಗಿದೆ ಎನ್ನಿಸಲಿಲ್ಲ.

"ಅವರು ನನ್ನ ಮೇಲೆ ಬೇಜಾರು ಮಾಡ್ಕೊಂಡ್ರಾ?"

"ಇಲ್ಲ ಕಣೋ. ಡ್ಯೂಟಿ ಇರ್ತದೆ, ಪಾಪ ಅಂದ್ಲು. ನಿನಗೋಸ್ಕರ ಪ್ರಾರ್ಥನೆ ಮಾಡಿ ಹೋದ್ಲು. ಅವಳು ದೇವರನ್ನ ನಂಬಿದ್ಲು, ಅದಕ್ಕೇ ಮನುಷ್ಯರನ್ನ ನಂಬೋಕೆ ಹೆದರಲಿಲ್ಲ. ನಾನು... ಇಬ್ಬರನ್ನೂ ನಂಬಲಿಲ್ಲ ಶಶಿ!"

ಗೇಟಿನ ಮುಂದೆ ಜನ ಖಾಲಿಯಾದರು.

"ಕ್ಷಮಿಸು ಅಂತ ಕೇಳೋಕೂ ಬಾಯಿ ಬರ್ತಿಲ್ಲ. ನಿನ್ನನ್ನ ಈಗಲೂ ಪ್ರೀತಿಸ್ತೀನಿ. ಅದನ್ನ ಹೇಳಿ ಹೋಗೋಣ ಅಂತ ಬಂದೆ." ಅವಳು ಹೊರಡಲು ತಿರುಗಿದಳು.

"ವಾಣಿ."

ನಿಂತಳು.

"ನಂಗೆ ಸಿಟ್ಟಿದೆ. ಇಲ್ಲ ಅಂತ ಸುಳ್ಳು ಹೇಳಲ್ಲ."

"ಇರ್ಲಿ."

"ಎಷ್ಟು ದಿನ ಇರುತ್ತೋ ಗೊತ್ತಿಲ್ಲ."

"ಹೋಗೋವರೆಗೂ ಕಾಯ್ತೀನಿ."

ಅವನು ತೋಳಿನಿಂದ ಕಣ್ಣು ಒರೆಸಿಕೊಂಡ.

"ದೂರ ಕೂತು ಕಾಯ್ಬೇಡ ಕಣೇ. ಸಿಟ್ಟು ಇರೋವರೆಗೂ ಜೊತೇಲೇ ಇರು."

ವಾಣಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದಳು. ಅವನು ಪಕ್ಕಕ್ಕೆ ಬಂದು ನಿಂತ.

"ಊಟ ಆಯ್ತಾ?" ಎಂದ ಕೊನೆಗೆ.

"ಇಲ್ಲ."

"ನಂದೂ ಆಗಿಲ್ಲ. ಬಾ."